ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ಕೊತ್ತಿಯ ಕೋಪ ಯಾರ ಮೇಲೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ, ಗುಂಡ ಮತ್ತು ಬೆಲ್ಲಿ. ಒಂದೇ ತಾಯಿಯ ಮರಿಗಳು, ಈಗ 3 ವರ್ಷ. ಇಬ್ಬರಿಗೂ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಇಷ್ಟು ದಿನ ಒಂದೇ ದಿಂಬಿನ ಮೇಲೆ ಮಲಗುತ್ತಿದ್ದರು. ಹದಿನೈದು ದಿನದ ಹಿಂದೆ ರಾತ್ರಿ ಅಡುಗೆಮನೆ ಕಿಟಕಿಯ ಹೊರಗೆ ಬೀದಿಯ ಗಂಡು ಬೆಕ್ಕೊಂದು ಬಂದು ಕೂಗಾಡಿತು. ಗುಂಡ ಒಳಗಿನಿಂದ ಗುರುಗುಟ್ಟುತ್ತಿದ್ದ. ಬೆಲ್ಲಿ ಏನೆಂದು ನೋಡಲು ಹತ್ತಿರ ಹೋದಳು. ಗುಂಡ ತಿರುಗಿ ಅವಳ ಮೇಲೆಯೇ ಎರಗಿದ. ಅಂದಿನಿಂದ ಎದುರುಬದುರಾದರೆ ಸಾಕು, ಜಗಳ. ಬೆಲ್ಲಿ ಬೀರುವಿನ ಮೇಲಿಂದ ಇಳಿಯುವುದೇ ಇಲ್ಲ. ಎರಡು ಸಲ ನಮ್ಮ ಹಾಸಿಗೆ ಮೇಲೆ ಉಚ್ಚೆ ಹೊಯ್ದಳು. ಇಬ್ಬರಿಗೂ ಒಂದೇ ವಾಸನೆ ಬರಲಿ ಎಂದು ಪೌಡರ್ ಹಚ್ಚಿದೆವು. ಒಂದೇ ರೂಮಿನಲ್ಲಿ ಕೂಡಿಹಾಕಿದೆವು. ಜಗಳ ಜಾಸ್ತಿಯೇ ಆಯಿತು. ನಮ್ಮ ಅತ್ತೆ "ಒಂದನ್ನು ಎಲ್ಲಾದರೂ ಬಿಟ್ಟು ಬನ್ನಿ" ಎನ್ನುತ್ತಿದ್ದಾರೆ. ಇವರನ್ನು ಮತ್ತೆ ರಾಜಿ ಮಾಡಿಸಲು ದಾರಿ ಇದೆಯೇ?
— ಮೈಸೂರಿನ ಓದುಗರೊಬ್ಬರು

ಉತ್ತರ: ದಾರಿ ಇದೆ. ಆದರೆ ಅದು ರಾಜಿ ಮಾಡಿಸುವ ದಾರಿಯಲ್ಲ. ಮೊದಲು ಇಬ್ಬರನ್ನೂ ಬೇರೆ ಮಾಡಿ. ಇವತ್ತೇ. ಇದನ್ನು ಓದುವುದನ್ನು ಅರ್ಧಕ್ಕೆ ಬಿಟ್ಟು, ಎದ್ದು ಹೋಗಿ, ನಡುವಿನ ಬಾಗಿಲು ಹಾಕಿ ಬಂದರೂ ನನಗೆ ಬೇಜಾರಿಲ್ಲ. ಪ್ರತಿ ಹೊಸ ಜಗಳ ಹಳೆಯದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಬಿದ್ದ ಗಂಟು ಬಿಚ್ಚಲು ಟೈಮ್ ಬೇಕು. ಹೊಸದು ಬೀಳದ ಹಾಗೆ ನೋಡಿಕೊಳ್ಳಲು ಒಂದು ಬಾಗಿಲು ಸಾಕು.

"ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ" ಎಂಬ ಗಾದೆ ನಿಮಗೆ ಗೊತ್ತೇ ಇರುತ್ತದೆ. (ನಿಮ್ಮ ಅತ್ತೆ ಇದನ್ನು ಓದಿದರೆ ತಪ್ಪು ತಿಳಿಯದಿರಲಿ, ಗಾದೆ ನನ್ನದಲ್ಲ.) ಸೊಸೆಗೆ ಅತ್ತೆಯ ಮೇಲೆ ಸಿಟ್ಟು. ಅವರಿಗೆ ಎದುರಾಡುವ ಹಾಗಿಲ್ಲ. ಕಾಲಿಗೆ ಸಿಕ್ಕ ಕೊತ್ತಿಗೆ ಒದೆ. ಆ ರಾತ್ರಿ ಗುಂಡ ಮಾಡಿದ್ದೂ ಅದನ್ನೇ. ಹೊರಗೆ ನಿಂತ ಬೆಕ್ಕು ಅವನ ಜಾಗಕ್ಕೇ ಬಂದು ಸವಾಲು ಹಾಕುತ್ತಿತ್ತು. ನಡುವೆ ಕಿಟಕಿ. ಹೊಡೆದಾಟಕ್ಕೆ ಮೈಯೆಲ್ಲ ಸಜ್ಜಾಗಿದೆ, ಹೊಡೆಯಲು ಶತ್ರು ಕೈಗೆ ಸಿಗುತ್ತಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಏನೋ ಅಲುಗಿತು. ತಿರುಗಿ ಎರಗಿದ. ಅಲ್ಲಿದ್ದದ್ದು ಬೆಲ್ಲಿಯೋ, ನಿಮ್ಮ ಕಾಲೋ ಎಂದು ನೋಡುವ ಸ್ಥಿತಿಯಲ್ಲಿ ಅವನು ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಯಜಮಾನರ ಮೀನಖಂಡಕ್ಕೆ ಕಚ್ಚುವುದು ಇಂಥ ಹೊತ್ತಿನಲ್ಲೇ.

ಇಷ್ಟಕ್ಕೇ ನಿಂತಿದ್ದರೆ ಮರುದಿನ ಎಲ್ಲ ಸರಿಹೋಗುತ್ತಿತ್ತು. ಆದರೆ ಹೀಗೆ ಕೆರಳಿದ ಬೆಕ್ಕು ಬೇಗ ತಣ್ಣಗಾಗುವುದಿಲ್ಲ. ಕೆಲವು ಗಂಟೆ ಬೇಕು, ಕೆಲವೊಮ್ಮೆ ಒಂದು ದಿನವೇ ಬೇಕು. ಅಷ್ಟರೊಳಗೆ ಬೆಲ್ಲಿ ಮತ್ತೆ ಎದುರಾಗಿರುತ್ತಾಳೆ. ಅವಳಿಗೆ ಕಿಟಕಿಯ ಕಥೆ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ, ದಿನಾ ಜೊತೆಯಲ್ಲಿ ಮಲಗುವ ಅಣ್ಣ ಕಾರಣವೇ ಇಲ್ಲದೆ ಮೈಮೇಲೆ ಬಿದ್ದ. ಈಗ ಅವನನ್ನು ಕಂಡರೆ ಕೂದಲು ನಿಗುರಿಸುತ್ತಾಳೆ, ಕಿವಿ ಮಡಚುತ್ತಾಳೆ, ಬುಸ್ ಎನ್ನುತ್ತಾಳೆ. ಅದನ್ನು ನೋಡಿ ಗುಂಡನಿಗೆ ಅನಿಸುತ್ತದೆ, ಇವಳೇ ಜಗಳಕ್ಕೆ ಬರುತ್ತಿದ್ದಾಳೆ. ಅವನೂ ಏರುತ್ತಾನೆ. ಆ ಬೀದಿ ಬೆಕ್ಕು ಯಾವತ್ತೋ ಪಕ್ಕದ ಬೀದಿಗೆ ಹೋಗಿರುತ್ತದೆ. ಮನೆಯೊಳಗೆ ಅದು ಹಚ್ಚಿದ ಬೆಂಕಿ ಉರಿಯುತ್ತಲೇ ಇದೆ.

ನಾವು ತಪ್ಪುವುದು ಇಲ್ಲೇ. ಮಕ್ಕಳು ಜಗಳ ಆಡಿದರೆ ಒಂದೇ ರೂಮಿನಲ್ಲಿ ಕೂರಿಸಿ "ಕೈ ಕುಲುಕಿ" ಎನ್ನುತ್ತೇವೆ. ನಾಯಿಗಳೂ ಎಷ್ಟೋ ಸಲ ಕಚ್ಚಾಡಿ, ಬಾಲ ಆಡಿಸಿ, ಮತ್ತೆ ಒಂದಾಗುತ್ತವೆ. ಬೆಕ್ಕಿಗೆ ಆ ವಿದ್ಯೆ ಅಷ್ಟಾಗಿ ಬಂದಿಲ್ಲ. ನಮ್ಮ ಮನೆಬೆಕ್ಕಿನ ಮೂಲ ಆಫ್ರಿಕದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಒಂದು ಇಲಿ ಒಂದು ಹೊಟ್ಟೆಗೇ ಸಾಲದು, ಹಂಚಿಕೊಳ್ಳುವುದೆಲ್ಲಿ ಬಂತು? ಗುಂಪಿನಲ್ಲಿ ಬೇಟೆಯಾಡುವ ತೋಳಕ್ಕೆ ಜಗಳದ ನಂತರ ರಾಜಿ ಬೇಕೇ ಬೇಕು. ಒಂಟಿ ಬೇಟೆಗಾರನಿಗೆ ದೂರ ಹೋದರೆ ಸಾಕು. ಹಾಗಾಗಿ ಬೆಕ್ಕುಗಳ ಜಗಳಕ್ಕೆ ಮದ್ದು ದೂರ. ಮುಚ್ಚಿದ ರೂಮಿನಲ್ಲಿ ನೀವು ಕಿತ್ತುಕೊಂಡಿದ್ದು ಅದನ್ನೇ. ನಿಮ್ಮನ್ನು ಬೈಯುತ್ತಿಲ್ಲ. ಎಷ್ಟೋ ಮನೆಯವರು ಮೊದಲು ಮಾಡುವುದು ಅದೇ.

ಇನ್ನೂ ಒಂದು ಮಾತು. 2ರಿಂದ 4 ವರ್ಷದೊಳಗೆ ಬೆಕ್ಕು ಸ್ವಭಾವದಲ್ಲಿ ಪೂರ್ತಿ ದೊಡ್ಡದಾಗುತ್ತದೆ. ಮರಿಯಾಗಿದ್ದಾಗ ನಡೆದ ಸಲುಗೆ ಆಮೇಲೆ ನಡೆಯದೇ ಇರಬಹುದು. ಆ ರಾತ್ರಿಗೆ ಮೊದಲೂ ಸಣ್ಣಪುಟ್ಟ ಇರಿಸುಮುರಿಸು ಇತ್ತೇ ಎಂದು ನೆನಪು ಮಾಡಿಕೊಳ್ಳಿ. ಬೆಲ್ಲಿ ಊಟಕ್ಕೆ ಬರುವಾಗ ಗುಂಡ ಬಾಗಿಲಲ್ಲಿ ಅಡ್ಡ ಮಲಗುತ್ತಿದ್ದನೇ? ಅವಳು ಕೂತ ಜಾಗಕ್ಕೆ ಅವನು ಬಂದರೆ ಅವಳೇ ಎದ್ದು ಹೋಗುತ್ತಿದ್ದಳೇ? ನೋಡುವವರಿಗೆ "ಸುಮ್ನೆ ಕೂತಿದ್ದಾನೆ ಪಾಪ" ಎನಿಸುತ್ತದೆ. ಬೆಕ್ಕುಗಳ ಲೋಕದಲ್ಲಿ ಅದು ಸುಮ್ನೆ ಕೂತಿದ್ದಲ್ಲ, ರಸ್ತೆ ತಡೆ. ರೆಪ್ಪೆ ಬಡಿಯದೆ ದಿಟ್ಟಿಸುವುದೂ ಹಾಗೆಯೇ. ಆಟದ ಕುಸ್ತಿಯಲ್ಲಿ ಸದ್ದು ಕಡಿಮೆ, ಉಗುರು ಒಳಗೆ, ಒಮ್ಮೆ ಇವನು ಮೇಲೆ ಒಮ್ಮೆ ಅವಳು ಮೇಲೆ. ಯಾವಾಗಲೂ ಒಬ್ಬರೇ ಓಡಿಸುತ್ತಾ ಇನ್ನೊಬ್ಬರೇ ಓಡುತ್ತಿದ್ದರೆ ಅದು ಆಟವಲ್ಲ.

ಈಗ ಕೆಲಸಕ್ಕೆ ಬರೋಣ. ಎರಡು ದಿನದೊಳಗೆ ಇಬ್ಬರನ್ನೂ ಪಶುವೈದ್ಯರಿಗೆ ತೋರಿಸಿ. ಒಂದೇ ಬುಟ್ಟಿಯಲ್ಲಿ ಖಂಡಿತ ಬೇಡ, ಬೇರೆ ಬೇರೆ. ಬೆಕ್ಕಿನ ಕೋರೆಹಲ್ಲು ಸೂಜಿಯ ಹಾಗೆ ಇಳಿಯುತ್ತದೆ. ಮೇಲೆ ಸಣ್ಣ ತೂತು, ಅದೂ ಬೇಗ ಮುಚ್ಚಿಕೊಳ್ಳುತ್ತದೆ. ಒಳಗೆ ಎರಡು ಮೂರು ದಿನದಲ್ಲಿ ಕೀವು ಕಟ್ಟುತ್ತದೆ. ಬಾಲದ ಬುಡ, ಕೆನ್ನೆ, ಮುಂಗಾಲು, ಈ ಕಡೆಯೆಲ್ಲ ಕೂದಲು ಸರಿಸಿ ನೋಡಬೇಕು. ನೋವಿರುವ ಬೆಕ್ಕು ಮುಟ್ಟಿದರೂ ಸಿಡುಕುತ್ತದೆ, ಮುಟ್ಟದಿದ್ದರೂ ಸಿಡುಕುತ್ತದೆ. ಹಾಸಿಗೆಯ ಮೇಲೆ ಉಚ್ಚೆ ಹೊಯ್ದಿದ್ದು ಹೆದರಿಕೆಗೇ ಇರಬಹುದು, ಉಚ್ಚೆ ಹೊಯ್ಯುವ ಮರಳಿನ ಟ್ರೇಗೆ ಹೋಗುವ ದಾರಿಯಲ್ಲಿ ಗುಂಡ ಇದ್ದಾನಲ್ಲ. ಆದರೆ ಮೂತ್ರಕೋಶದ ಉರಿಯೂತವೂ ಇರಬಹುದು. ಇಂಥ ಒತ್ತಡದಲ್ಲೇ ಅದು ಬರುವುದು ಜಾಸ್ತಿ. ಗುಂಡನ ಮೇಲೂ ಕಣ್ಣಿಡಿ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ಮುಕ್ಕಿರಿಯುತ್ತಾ ಒಂದು ಹನಿಯೂ ಹೊಯ್ಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಅದು ಪ್ರಾಣಕ್ಕೇ ಬರುವ ತೊಂದರೆ. ಮತ್ತೆ, ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮುರಿದು ಕೊಡಬೇಡಿ. ಬೆಕ್ಕಿಗೆ ಅದು ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು.

ಬೇರೆ ಮಾಡುವುದು ಎಂದರೆ ಒಬ್ಬರನ್ನು ಬಚ್ಚಲುಮನೆಯಲ್ಲಿ ಕೂಡುವುದಲ್ಲ. ಬೆಲ್ಲಿಗೆ ಒಂದು ಪೂರ್ತಿ ರೂಮು ಕೊಡಿ, ಅವಳು ಈಗ ಇರುವ ಬೀರುವಿನ ರೂಮೇ ಆಗಬಹುದು. ಅವಳ ಊಟ, ನೀರು, ಟ್ರೇ, ಹಾಸಿಗೆ ಎಲ್ಲ ಅಲ್ಲೇ. ಅವಳನ್ನು ಬೀರುವಿನಿಂದ ಎತ್ತಿ ಇಳಿಸಬೇಡಿ. ಅದೊಂದೇ ಅವಳಿಗೆ ಧೈರ್ಯ ಇರುವ ಜಾಗ. ಪಕ್ಕಕ್ಕೆ ಒಂದು ಸ್ಟೂಲು ಇಡಿ, ತಾನೇ ಇಳಿಯಲಿ. ಉಳಿದ ಮನೆ ಸದ್ಯಕ್ಕೆ ಗುಂಡನದು. ಅಡುಗೆಮನೆ ಕಿಟಕಿಯ ಕೆಳಗಿನ ಅರ್ಧಕ್ಕೆ ನ್ಯೂಸ್ ಪೇಪರ್ ಅಂಟಿಸಿ. ಕಿಟಕಿಯ ಹೊರಗೆ ಅನ್ನ, ಮೀನಿನ ಮುಳ್ಳು ಹಾಕುತ್ತಿದ್ದರೆ ನಿಲ್ಲಿಸಿ, ಕಸದ ಡಬ್ಬಕ್ಕೆ ಮುಚ್ಚಳ ಹಾಕಿ. ಆ ಬೀದಿ ಬೆಕ್ಕಿಗೆ ಯಾರಾದರೂ ದಿನಾ ಊಟ ಹಾಕುವವರಿದ್ದರೆ, ಅವರ ಜೊತೆ ಸೇರಿ ಅದಕ್ಕೂ ಆಪರೇಷನ್ ಮಾಡಿಸಿ. ಆದ ಮರುದಿನವೇ ಸಾಧು ಆಗುವುದಿಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಆಮೇಲೆ ಈ ಕೂಗಾಟ, ತಿರುಗಾಟ ಎರಡೂ ಕಡಿಮೆಯಾಗುತ್ತವೆ.

ಇನ್ನು ವಾಸನೆ. ನಿಮ್ಮ ಪೌಡರ್ ಉಪಾಯದ ಹಿಂದಿನ ಯೋಚನೆ ಸರಿ, ಮಾಡಿದ ರೀತಿ ತಪ್ಪು. ಬೆಕ್ಕು ಮುಖ ನೋಡಿ ಗುರುತಿಸುವುದಕ್ಕಿಂತ ಮೂಸಿ ಗುರುತಿಸುವುದು ಹೆಚ್ಚು. ಒಟ್ಟಿಗೆ ಬಾಳುವ ಬೆಕ್ಕುಗಳು ಕೆನ್ನೆಗೆ ಕೆನ್ನೆ, ಮೈಗೆ ಮೈ ಉಜ್ಜುತ್ತಾ "ನಮ್ಮನೆ ವಾಸನೆ" ಅಂತ ಒಂದನ್ನು ಮಾಡಿಕೊಂಡಿರುತ್ತವೆ. ನೀವು ಅದನ್ನೇ ಅಳಿಸಿ, ಇಬ್ಬರನ್ನೂ ಪೌಡರ್ ಡಬ್ಬ ಮಾಡಿದಿರಿ. ಪೌಡರನ್ನು ನೆಕ್ಕಿ ನುಂಗುತ್ತವೆ, ಅದರ ದೂಳು ಉಸಿರಿಗೂ ಹೋಗುತ್ತದೆ. ಇನ್ನು ಬೇಡ. ಆಸ್ಪತ್ರೆಗೆ ಹೋಗಿ ಬಂದ ಬೆಕ್ಕನ್ನು ಮನೆಯ ಬೆಕ್ಕು ಬುಸ್ ಎಂದು ಎದುರುಗೊಳ್ಳುವುದು ಇದೇ ಕಾರಣಕ್ಕೆ. ಮುಖ ಅದೇ, ವಾಸನೆ ಮಾತ್ರ ಸ್ಪಿರಿಟ್ಟಿನದು.

ಫಿನೈಲ್ ಕೂಡ ಇದೇ ಸಾಲಿಗೆ ಸೇರುತ್ತದೆ. ಉಚ್ಚೆ ಹೊಯ್ದ ಕಡೆ ಫಿನೈಲ್ ಸುರಿದು ಒರೆಸುವುದು ನಮ್ಮೆಲ್ಲರ ಅಭ್ಯಾಸ. ಮನೆಯ ವಾಸನೆ ಹೋಗುತ್ತದೆ, ಬೆಕ್ಕಿಗೆ ಪರಊರಿಗೆ ಬಂದ ಹಾಗಾಗುತ್ತದೆ. ಅದಕ್ಕಿಂತ ಮುಖ್ಯ, ಕಪ್ಪು ಫಿನೈಲಿನಲ್ಲಿರುವ ರಾಸಾಯನಿಕವನ್ನು ಬೆಕ್ಕಿನ ಲಿವರ್ ಅರಗಿಸಿಕೊಳ್ಳಲಾರದು. ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಅಪಾಯ. ಉಚ್ಚೆಯ ವಾಸನೆ ತೆಗೆಯಲು ಎನ್‌ಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನು ತನ್ನಿ.

ಈಗ ಒಂದು ಒಗೆದ ಹತ್ತಿಯ ಕಾಲುಚೀಲ ತೆಗೆದುಕೊಳ್ಳಿ. ಗುಂಡ ಖುಷಿಯಾಗಿ ಮಡಿಲಲ್ಲಿ ಇರುವಾಗ ಅವನ ಕೆನ್ನೆ, ಬಾಯಿಯ ಅಂಚಿಗೆ ಮೆತ್ತಗೆ ಉಜ್ಜಿ. ಅವನು ನೆಮ್ಮದಿಯಲ್ಲಿದ್ದಾಗ ಸೋಫಾ ಕಾಲಿಗೆ ಉಜ್ಜುವ ವಾಸನೆ ಅದು, ಜಗಳದ ವಾಸನೆಯಲ್ಲ. ಆ ಕಾಲುಚೀಲವನ್ನು ಬೆಲ್ಲಿಯ ರೂಮಿನ ಒಂದು ಮೂಲೆಯಲ್ಲಿ ಇಡಿ. ಅವಳ ಮೂಗಿಗೆ ಹಿಡಿಯಬೇಡಿ, ಊಟದ ತಟ್ಟೆಯ ಹತ್ತಿರವೂ ಬೇಡ. ಮೊದಲ ದಿನ ಮೂಸಿ ಬುಸ್ ಎನ್ನಬಹುದು. ಎನ್ನಲಿ. ಮೂಸಿ ಸುಮ್ಮನೆ ಹೋಗುವ ದಿನ ಬಂದರೆ ಒಂದು ಮೆಟ್ಟಿಲು ಹತ್ತಿದಂತೆ. ಬೆಲ್ಲಿಯ ಕಾಲುಚೀಲ ಗುಂಡನಿಗೆ. ಆಮೇಲೆ ಮಲಗುವ ಬಟ್ಟೆಗಳನ್ನು ಅದಲು ಬದಲು ಮಾಡಿ. ಆಮೇಲೆ ಇಬ್ಬರ ಜಾಗವನ್ನೇ ದಿನಕ್ಕೆ ಒಂದು ಗಂಟೆ ಬದಲಿಸಿ, ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ.

ಮುಂದಿನದು ಊಟ. ಮುಚ್ಚಿದ ಬಾಗಿಲಿನ ಆ ಕಡೆ ಒಬ್ಬರಿಗೆ, ಈ ಕಡೆ ಒಬ್ಬರಿಗೆ. ಶುರುವಿಗೆ ತಟ್ಟೆ ಬಾಗಿಲಿನಿಂದ ಐದಾರು ಅಡಿ ದೂರ ಇರಲಿ. ಬರೀ ಒಣ ಆಹಾರ ಹಾಕಿದರೆ ಈ ಕೆಲಸ ಆಗದು. ಅವರು ಪ್ರಾಣ ಬಿಡುವಂಥದ್ದು ಏನಾದರೂ ಬೇಕು. ಬೇಯಿಸಿದ ಕೋಳಿ, ಮುಳ್ಳು ತೆಗೆದ ಬೂತಾಯಿ ಮೀನು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ. ಇಬ್ಬರೂ ತಲೆ ತಗ್ಗಿಸಿ ಆರಾಮಾಗಿ ತಿಂದರೆ ಮರುದಿನ ತಟ್ಟೆಯನ್ನು ಒಂದು ಗೇಣು ಹತ್ತಿರ ತನ್ನಿ. ತಿನ್ನುವುದು ಬಿಟ್ಟು ಬಾಗಿಲನ್ನೇ ದಿಟ್ಟಿಸಿದರೆ ಒಂದು ಗೇಣು ಹಿಂದಕ್ಕೆ. ಅವಳ ವಾಸನೆ ಬಂದಾಗಲೆಲ್ಲ ಬೂತಾಯಿ ಬರುತ್ತದೆ ಎನ್ನುವುದು ಗುಂಡನ ತಲೆಗೆ ಹೋಗಬೇಕು, ಅಷ್ಟೇ.

ನಾನು ಎಡವಿದ್ದೂ ಇಲ್ಲೇ. ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯ ಹೆಣ್ಣು ಬೆಕ್ಕಿಗೆ ನಾನೇ ಆಪರೇಷನ್ ಮಾಡಿ ಮನೆಗೆ ತಂದೆ. ಇನ್ನೊಂದು ಬೆಕ್ಕು ಅವಳನ್ನು ಮೂಸಿದ್ದೇ ತಡ, ಮನೆ ರಣರಂಗ. ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟರು ನಾನು. ಬಾಗಿಲ ಆ ಕಡೆ ಈ ಕಡೆ ನಾಲ್ಕು ದಿನ ಚೆನ್ನಾಗಿ ತಿಂದವು. ಐದನೇ ದಿನ ಭಾನುವಾರ, ಮನೆಗೆ ನೆಂಟರು ಬರುವವರಿದ್ದರು. ಆಯಿತಲ್ಲ ಎಂದು ಬಾಗಿಲು ತೆಗೆದುಬಿಟ್ಟೆ. ಅರ್ಧ ನಿಮಿಷ ಸಾಕಾಯಿತು. ಬಿಡಿಸಲು ಕೈ ಹಾಕಿ ಹೆಬ್ಬೆರಳಿಗೆ ಕಚ್ಚಿಸಿಕೊಂಡೆ. ಕೈ ಊದಿಕೊಂಡು ಒಂದು ವಾರ ಕೆಲಸ ಮಾಡಲಾಗಲಿಲ್ಲ. ಬೆಕ್ಕುಗಳ ವಿಷಯದಲ್ಲಿ ಮೊದಲಿನಿಂದ ಶುರು, ಅದೂ ಮೊದಲಿಗಿಂತ ನಿಧಾನ. ನಾಲ್ಕು ದಿನ ಉಳಿಸಲು ಹೋಗಿ ಎರಡು ತಿಂಗಳು ಕಳೆದೆ.

ಆದ್ದರಿಂದ ಕೈ ಹಾಕಬೇಡಿ. ಜಗಳ ಬಿದ್ದರೆ ನಡುವೆ ಒಂದು ರಟ್ಟು ತೂರಿಸಿ. ಮನೆಯಲ್ಲಿ ಮೊರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲವೇ ಕಂಬಳಿ ಎಸೆದು ಒಬ್ಬರನ್ನು ಬೇರೆ ರೂಮಿಗೆ ದಾಟಿಸಿ, ದೀಪ ಆರಿಸಿ, ಗಂಟೆಗಟ್ಟಲೆ ಬಿಟ್ಟುಬಿಡಿ. ಆ ಹೊತ್ತಿನಲ್ಲಿ ಎತ್ತಿ ಮುದ್ದಿಸಿ ಸಮಾಧಾನ ಮಾಡಲು ಹೋಗಬೇಡಿ. ಅತ್ತೆ ಮೇಲಿನ ಕೋಪ ನಿಮ್ಮ ಮೇಲೆ ಬೀಳುತ್ತದೆ. ಯಾರಿಗಾದರೂ ಕಚ್ಚಿದರೆ ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆಬೆಕ್ಕಲ್ವಾ ಎಂದು ಅರಿಶಿನ ಮೆತ್ತಿ ಕೂರಬೇಡಿ. ಬೆಕ್ಕಿನ ಕಡಿತದಲ್ಲಿ ಕೀವಾಗುವುದು ಬೇಗ, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅಲ್ಲಿನ ವೈದ್ಯರೇ ತೀರ್ಮಾನಿಸಲಿ. ಇಬ್ಬರಿಗೂ ರೇಬೀಸ್ ಲಸಿಕೆ ಸರಿಯಾಗಿ ಆಗಿದೆಯೇ ಎಂದು ಕಾರ್ಡು ತೆಗೆದು ನೋಡಿ.

ಬಾಗಿಲ ಹತ್ತಿರ ತಟ್ಟೆ ಇಟ್ಟು ಒಂದು ವಾರ ತಕರಾರಿಲ್ಲದೆ ತಿಂದರೆ ಒಬ್ಬರನ್ನೊಬ್ಬರು ನೋಡುವ ಸಮಯ. ಇದಕ್ಕೆ ನಮ್ಮ ಮನೆಗಳ ಸೊಳ್ಳೆ ಜಾಲರಿ ಬಾಗಿಲಿನಂಥ ಸಾಧನ ಇನ್ನೊಂದಿಲ್ಲ. ಜಾಲರಿಗೆ ಹಳೇ ಸೀರೆ ಇಳಿಬಿಡಿ. ಊಟದ ಹೊತ್ತಿನಲ್ಲಿ ಕೆಳಗಿನಿಂದ ನಾಲ್ಕು ಬೆರಳು ಎತ್ತಿ, ಪಾದ ಕಾಣುವಷ್ಟು. ಮರುದಿನ ಇನ್ನೊಂದಿಷ್ಟು. ತಟ್ಟೆಗಳು ಮತ್ತೆ ದೂರದಿಂದಲೇ ಶುರುವಾಗಲಿ, ನೋಡುವುದು ಮೂಸುವುದಕ್ಕಿಂತ ಕಷ್ಟ. ಊಟ ಮುಗಿಯುವ ಮೊದಲೇ ಸೀರೆ ಇಳಿಸಿ. ತಟ್ಟೆ ಖಾಲಿಯಾದ ಮೇಲೆ ಎದುರಿಗೆ ಇನ್ನೊಂದು ಮುಖ ಉಳಿಯಬಾರದು. ಜಾಲರಿ ಹಳೆಯದಾಗಿ ಸಡಿಲವಾಗಿದ್ದರೆ ಮೊದಲು ಬಿಗಿ ಮಾಡಿಸಿ.

ಜಾಲರಿ ತೆಗೆದು ಬಿಡುವ ದಿನ ಇಬ್ಬರೂ ಹೊಟ್ಟೆ ಅರ್ಧ ಹಸಿದಿರಲಿ, ಮನೆಯಲ್ಲಿ ಜನ ಕಡಿಮೆ ಇರಲಿ. ನೀವಿಬ್ಬರು ಬೇಕು, ಒಂದೊಂದು ಬೆಕ್ಕಿಗೆ ಒಬ್ಬೊಬ್ಬರು. ಉದ್ದನೆ ಕೋಲಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಬೇರೆ ಬೇರೆ ಮೂಲೆಯಲ್ಲಿ ಆಡಿಸಿ. ಐದು ನಿಮಿಷ ಸಾಕು. ಚೆನ್ನಾಗಿದೆ ಎನಿಸುವಾಗಲೇ ಮುಗಿಸಿ. ಒಬ್ಬರು ದಿಟ್ಟಿಸಲು ಶುರು ಮಾಡಿದರೆ ನಡುವೆ ರಟ್ಟು ಹಿಡಿಯಿರಿ, ನೋಟ ಕಡಿಯುತ್ತದೆ. ಬಯ್ಯಬೇಡಿ, ನೀರು ಎರಚಬೇಡಿ. ಮೈ ಒದ್ದೆಯಾದ ಬೆಕ್ಕು ಅದರ ಲೆಕ್ಕವನ್ನೂ ಎದುರಿಗಿರುವವನ ತಲೆಗೇ ಕಟ್ಟುತ್ತದೆ. ದಿನ ದಿನ ಐದನ್ನು ಹತ್ತು ಮಾಡಿ, ಹತ್ತನ್ನು ಇಪ್ಪತ್ತು. ನೀವು ಮನೆಯಲ್ಲಿ ಇಲ್ಲದಾಗ, ರಾತ್ರಿ ಮಲಗಿದಾಗ, ಇನ್ನೂ ಸ್ವಲ್ಪ ಕಾಲ ಬಾಗಿಲು ಹಾಕಿಯೇ ಇರಲಿ.

ಮನೆಯಲ್ಲಿ ಒಂದೆರಡು ಬದಲಾವಣೆ ಬೇಕು. ಎರಡು ಬೆಕ್ಕಿಗೆ ಮೂರು ಟ್ರೇ. ಮೂರನ್ನೂ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕಕ್ಕೆ ಅದು ಒಂದೇ. ಬೇರೆ ಬೇರೆ ಕಡೆ ಇಡಿ. ಊಟ, ನೀರೂ ಹಾಗೆಯೇ. ಸಜ್ಜದ ಮೇಲಿನ ಹಳೇ ಪಾತ್ರೆ ಇಳಿಸಿ ಒಂದು ಮೂಲೆ ಖಾಲಿ ಮಾಡಿಕೊಡಿ. ಹತ್ತಲು ಎರಡು ದಾರಿ ಇರಲಿ, ಒಂದನ್ನು ಗುಂಡ ತಡೆದರೆ ಇನ್ನೊಂದರಿಂದ ಬೆಲ್ಲಿ ಇಳಿಯಬೇಕು.

ಬೆಕ್ಕುಗಳಿಗೆ ನೆಮ್ಮದಿ ಕೊಡುವ ವಾಸನೆಯ ಪ್ಲಗ್‌ಗಳು ಮಾರುಕಟ್ಟೆಯಲ್ಲಿವೆ. ಕೆಲವು ಮನೆಗಳಲ್ಲಿ ಸ್ವಲ್ಪ ಸಹಾಯವಾಗುತ್ತದೆ. ಮೇಲೆ ಹೇಳಿದ್ದನ್ನು ಬಿಟ್ಟು ಅದೊಂದನ್ನೇ ಹಾಕಿದರೆ ದುಡ್ಡು ದಂಡ. ಆರು ವಾರ ಪಟ್ಟುಹಿಡಿದು ಮಾಡಿದರೂ ಜಾಲರಿ ಕಂಡರೇ ಬೆಲ್ಲಿ ನಡುಗುತ್ತಿದ್ದರೆ ಪಶುವೈದ್ಯರ ಹತ್ತಿರ ಮಾತ್ರೆಯ ಬಗ್ಗೆ ಕೇಳಿ. ಹೆದರಿಕೆ ತಗ್ಗಿಸುವ ಔಷಧಿಗಳಿವೆ, ಕೆಲವು ತಿಂಗಳು ಕೊಟ್ಟು ನಿಧಾನವಾಗಿ ನಿಲ್ಲಿಸಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ.

ಎಷ್ಟು ದಿನ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲ ರಾತ್ರಿಯೇ ಬೇರೆ ಮಾಡಿದ್ದರೆ ಎರಡು ಮೂರು ದಿನದಲ್ಲಿ ಮುಗಿಯಬಹುದಿತ್ತು. ಹದಿನೈದು ದಿನದ ಜಗಳ ಆಗಿದೆ, ಒಂದೆರಡು ತಿಂಗಳು ಎಂದಿಟ್ಟುಕೊಳ್ಳಿ. ಅವರು ಮತ್ತೆ ಒಂದೇ ದಿಂಬಿಗೆ ಬಾರದೆಯೂ ಇರಬಹುದು. ನಮ್ಮ ಮನೆಯವು ಕೊನೆಯವರೆಗೂ ಬರಲಿಲ್ಲ. ದಿವಾನದ ಆ ತುದಿಯಲ್ಲಿ ಒಂದು, ಈ ತುದಿಯಲ್ಲಿ ಒಂದು ಬೆನ್ನು ಮಾಡಿ ಮಲಗುತ್ತಿದ್ದವು. ಬೆಕ್ಕು ಬೆನ್ನು ಮಾಡಿ ಮಲಗಿದೆ ಎಂದರೆ ಹಿಂದಿರುವವನ ಮೇಲೆ ನಂಬಿಕೆ ಇದೆ ಎಂದೇ ಅರ್ಥ.

ಬಿಟ್ಟು ಬರುವ ಮಾತು. ಗೋಣಿಚೀಲದಲ್ಲಿ ಹಾಕಿ ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುವುದು ನಮ್ಮಲ್ಲಿ ಹಳೆಯ ಪದ್ಧತಿ. ಮನೆಯಲ್ಲೇ ಬೆಳೆದ ಬೆಕ್ಕಿಗೆ ಅಲ್ಲಿ ಊಟ ಹುಡುಕಲೂ ಬಾರದು, ಅಲ್ಲಿನ ಬೆಕ್ಕುಗಳು ಜಾಗವನ್ನೂ ಕೊಡವು. ಹಸಿದು ಸಾಯುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ ಕೂಡ. ಎಲ್ಲ ಮಾಡಿಯೂ ಆಗದಿದ್ದರೆ, ಬೇರೆ ಬೆಕ್ಕಿಲ್ಲದ ಒಳ್ಳೆಯ ಮನೆ ಹುಡುಕಿ ಒಬ್ಬರನ್ನು ಕೊಡುವುದು ಬೇರೆ ಮಾತು. ಆ ಮಾತು ಈಗಲೇ ಬೇಡ.

ನಿಮ್ಮ ಅತ್ತೆಯವರಿಗೂ ಒಂದು ಕೆಲಸ ಕೊಡಿ. ಬಾಗಿಲ ಎರಡೂ ಕಡೆ ಒಂದೇ ಹೊತ್ತಿಗೆ ತಟ್ಟೆ ಇಡಲು ಇಬ್ಬರು ಬೇಕೇ ಬೇಕು. ಬೆಲ್ಲಿಯ ಕಡೆಯ ತಟ್ಟೆ ಅವರದಾಗಲಿ. ಮನೆಯಲ್ಲಿ ಮೀನು ಮುಟ್ಟದವರಾದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಪ್ಯಾಕೆಟ್ ಗ್ರೇವಿ ಹಿಂಡಿದರೂ ನಡೆಯುತ್ತದೆ.